ನೆಗೆಟಿವ್ ರಕ್ತದ ಬಸುರಿ ತವರಿಗೆ ಹೊರಡುವ ಮೊದಲು

ತಾಯಿ ಕಾರ್ಡ್ ತೆಗೆದು ನೋಡಿ. ರಕ್ತದ ಗುಂಪಿನ ಮುಂದೆ ಓ ನೆಗೆಟಿವ್, ಬಿ ನೆಗೆಟಿವ್ ಹೀಗೆ ಯಾವುದಾದರೂ ನೆಗೆಟಿವ್ ಬರೆದಿದ್ದರೆ ಇದನ್ನು ಪೂರ್ತಿ ಓದಿ. ಓ ಪಾಸಿಟಿವ್ ಇದ್ದರೆ ಕಾಮಾಲೆಯ ಬಗ್ಗೆ ಬರೆದಿರುವುದನ್ನಾದರೂ ಓದಿ. ಆ ಜಾಗ ಖಾಲಿ ಇದ್ದರೆ ಮೊದಲು ಹೋಗಿ ರಕ್ತ ಕೊಟ್ಟು ಬನ್ನಿ, ಓದುವುದು ಆಮೇಲೆ.

ನಾನು ಮಂಡ್ಯದ ಒಂದು ಸಣ್ಣ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಔಷಧಿ ಬರೆಯುವುದು ನನ್ನ ಕೆಲಸವೂ ಅಲ್ಲ. ಆದರೆ ತೋಳಿಗೆ ಪಟ್ಟಿ ಕಟ್ಟಿ ನರ ಹುಡುಕುವ ಆ ಎರಡು ನಿಮಿಷದಲ್ಲಿ ಹೆಂಗಸರು ಬೇರೆಲ್ಲೂ ಹೇಳದ ಮಾತು ಹೇಳುತ್ತಾರೆ. ನಾಗಮಂಗಲ, ಮಳವಳ್ಳಿ, ಕೆ.ಆರ್.ಪೇಟೆ ಕಡೆಯಿಂದ ಬರುವವರ ಮಾತು ಕೇಳಿ ಕೇಳಿ ನನಗೆ ಅನಿಸಿರುವುದು ಇಷ್ಟು: ತಾಯಿಯ ನೆಗೆಟಿವ್ ರಕ್ತ ಹೊಟ್ಟೆಯಲ್ಲಿರುವ ಪಾಸಿಟಿವ್ ಮಗುವಿನ ರಕ್ತಕ್ಕೆ ಹೊಂದದೆ ಬರುವ ತೊಂದರೆಗೆ ಒಳ್ಳೆಯ ಇಂಜೆಕ್ಷನ್ ಇದೆ, ಅಂಗಡಿಯಲ್ಲಿ ಸಿಗುತ್ತದೆ, ಡಾಕ್ಟರ್‌ಗಳಿಗೂ ಗೊತ್ತು. ಎಡವಟ್ಟಾಗುವುದು ಬಸುರಿ ಗಂಡನ ಮನೆಯಿಂದ ತವರಿಗೆ ಹೋಗುವ ದಾರಿಯಲ್ಲಿ. ರಿಪೋರ್ಟ್ ಅಲ್ಲೇ ಬೀರುವಿನಲ್ಲಿ ಉಳಿಯುತ್ತದೆ, ಇವಳು ಇಲ್ಲಿ ಹೊಸ ಡಾಕ್ಟರ್ ಮುಂದೆ ಕೂತಿರುತ್ತಾಳೆ.

ಗುಂಪು ನೋಡುವುದು ಹೇಗೆ ಅಂತ ಮೊದಲು ಹೇಳುತ್ತೇನೆ. ಬಿಳಿ ಟೈಲ್ ಮೇಲೆ ಮೂರು ಕಡೆ ರಕ್ತದ ಹನಿ ಇಡುತ್ತೇವೆ. ಒಂದಕ್ಕೆ ನೀಲಿ ಬಣ್ಣದ ಆಂಟಿ-ಎ ದ್ರಾವಣ, ಇನ್ನೊಂದಕ್ಕೆ ಹಳದಿ ಬಣ್ಣದ ಆಂಟಿ-ಬಿ, ಮೂರನೆಯದಕ್ಕೆ ಬಣ್ಣವೇ ಇಲ್ಲದ ಆಂಟಿ-ಡಿ. ಕಡ್ಡಿಯಲ್ಲಿ ಕಲಸಿ ಟೈಲನ್ನು ಮೆಲ್ಲಗೆ ಅತ್ತಿತ್ತ ಆಡಿಸುತ್ತೇವೆ. ಮೂರನೇ ಹನಿ ಕೆಂಪು ಕೆಂಪು ಗಂಟಾಗಿ ಒಡೆದರೆ ಪಾಸಿಟಿವ್. ಎರಡು ನಿಮಿಷ ಆಡಿಸಿದರೂ ನುಣ್ಣಗೆ ಹಾಗೇ ಇದ್ದರೆ ನೆಗೆಟಿವ್. ಕೆಲವರ ರಕ್ತದಲ್ಲಿ ಡಿ ಅಂಶ ಇದ್ದರೂ ತೀರಾ ಬಲಹೀನವಾಗಿರುತ್ತದೆ. ಟೈಲ್ ಮೇಲೆ ಅದು ನೆಗೆಟಿವ್ ಥರವೇ ಕಾಣುತ್ತದೆ. ಹಾಗಾಗಿ ಬಸುರಿಯ ರಕ್ತ ನೆಗೆಟಿವ್ ಅಂತ ಬಂದರೆ ಟ್ಯೂಬ್‌ನಲ್ಲೋ ಜೆಲ್ ಕಾರ್ಡ್‌ನಲ್ಲೋ ಇನ್ನೊಂದು ಸಲ ನೋಡಿ ಖಚಿತ ಮಾಡಿಕೊಡಿ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 5 ಜನರ ರಕ್ತ ನೆಗೆಟಿವ್. ಅದು ಕಾಯಿಲೆಯಲ್ಲ, ಕೊರತೆಯೂ ಅಲ್ಲ. ಕೆಂಪು ರಕ್ತಕಣದ ಮೇಲೆ ಡಿ ಅನ್ನುವ ಒಂದು ಪ್ರೋಟೀನ್ ಇಲ್ಲ, ಅಷ್ಟೇ. ಹೆಣ್ಣು ನೋಡಲು ಬಂದವರು ಜಾತಕದ ಜೊತೆ ರಕ್ತದ ಗುಂಪನ್ನೂ ಕೇಳಿ, ನೆಗೆಟಿವ್ ಅಂದ ತಕ್ಷಣ ಕಾಫಿ ಕುಡಿದು ಎದ್ದು ಹೋಗುವುದನ್ನು ಕೇಳಿದಾಗ ನನಗೆ ಮೈ ಉರಿಯುತ್ತದೆ. ಗಂಡ ಹೆಂಡತಿ ಇಬ್ಬರದೂ ಒಂದೇ ಗುಂಪಾದರೆ ಮಗುವಿಗೆ ತೊಂದರೆ ಅನ್ನುವುದೂ ಸುಮ್ನೆ ಮಾತು.

ನೆಗೆಟಿವ್ ರಕ್ತದಿಂದ ತೊಂದರೆ ಬರುವುದು ಒಂದೇ ಜೋಡಿಯಲ್ಲಿ: ತಾಯಿ ನೆಗೆಟಿವ್, ಹೊಟ್ಟೆಯಲ್ಲಿರುವ ಮಗು ಪಾಸಿಟಿವ್. ಮಗುವಿಗೆ ಆ ಪಾಸಿಟಿವ್ ಬರುವುದು ತಂದೆಯಿಂದ. ಹೆರಿಗೆ ಹೊತ್ತಿನಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರುತ್ತದೆ. ಕೆಲವು ಹನಿ ಸಾಕು. ತಾಯಿಯ ಮೈ ಅದನ್ನು ಹೊರಗಿನದು ಅಂತ ಗುರುತಿಸಿ ಅದರ ವಿರುದ್ಧ ಪ್ರತಿಕಾಯ, ಅಂದರೆ ಆಂಟಿಬಾಡಿ ತಯಾರಿಸುತ್ತದೆ. ಅದು ತಯಾರಾಗುವ ಹೊತ್ತಿಗೆ ಮೊದಲ ಮಗು ಹೊರಗೆ ಬಂದು ತೊಟ್ಟಿಲಲ್ಲಿ ಮಲಗಿರುತ್ತದೆ, ಅದಕ್ಕೇನೂ ಆಗುವುದಿಲ್ಲ. ಅಪಾಯ ಮುಂದಿನ ಮಗುವಿಗೆ. ಆ ಪ್ರತಿಕಾಯ ಮಾಸು ದಾಟಿ ಹೋಗಿ ಎರಡನೇ ಮಗುವಿನ ರಕ್ತಕಣಗಳನ್ನು ಒಡೆಯುತ್ತದೆ. ಮಗುವಿಗೆ ರಕ್ತ ಕಡಿಮೆಯಾಗುತ್ತದೆ. ಜಾಸ್ತಿಯಾದರೆ ಹೊಟ್ಟೆಯಲ್ಲೇ ಮೈಯೆಲ್ಲಾ ನೀರು ತುಂಬಿ ಊದಿಕೊಳ್ಳುತ್ತದೆ, ಜೀವಕ್ಕೇ ಕುತ್ತು. ಹುಟ್ಟಿದ ಮೇಲೆ ಕಾಮಾಲೆ ಏರಿ ಮೆದುಳಿಗೆ ಪೆಟ್ಟು ಬೀಳಬಹುದು.

ಹಾಲಿಗೆ ಹೆಪ್ಪು ಹಾಕಿದ ಮೇಲೆ ಮತ್ತೆ ಹಾಲಾಗುತ್ತದಾ? ಇದೂ ಹಾಗೇ. ಒಮ್ಮೆ ತಾಯಿಯ ಮೈಯಲ್ಲಿ ಈ ಪ್ರತಿಕಾಯ ಹುಟ್ಟಿದರೆ ಅದನ್ನು ಅಳಿಸುವ ಇಂಜೆಕ್ಷನ್ ಇಲ್ಲ. ಹುಟ್ಟದ ಹಾಗೆ ತಡೆಯುವ ಇಂಜೆಕ್ಷನ್ ಮಾತ್ರ ಇದೆ, ಅದನ್ನೂ ಆಂಟಿ-ಡಿ ಅಂತಲೇ ಕರೆಯುತ್ತಾರೆ. ಅದಕ್ಕೇ "ಇದು ಚೊಚ್ಚಲು ಅಲ್ವಾ, ಏನೂ ಆಗಲ್ಲ ಬಿಡಿ" ಅನ್ನುವ ಮಾತು ನನಗೆ ಆಗಿಬರುವುದಿಲ್ಲ. ಚೊಚ್ಚಲಿನಲ್ಲಿ ಇಂಜೆಕ್ಷನ್ ಕೊಡುವುದೇ ಮುಂದಿನ ಮಗುವಿಗೋಸ್ಕರ.

ಈಗ ಗಂಡನ ರಕ್ತ. ಅವನದೂ ನೆಗೆಟಿವ್ ಆಗಿದ್ದರೆ ಮಗುವೂ ನೆಗೆಟಿವ್, ಚಿಂತೆ ಇಲ್ಲ. ನಮ್ಮ ಕಡೆ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವವರು ಇನ್ನೂ ಇದ್ದಾರೆ. ಆಗ ಇಬ್ಬರದೂ ನೆಗೆಟಿವ್ ಆಗಿರುವ ಸಾಧ್ಯತೆ ಸ್ವಲ್ಪ ಹೆಚ್ಚು. ಆದರೆ ಊಹೆಯಿಂದ ನಡೆಯಬೇಡಿ. "ನಮ್ಮೆಜಮಾನ್ರದ್ದು ಡ್ರೈವಿಂಗ್ ಲೈಸೆನ್ಸಲ್ಲಿ ಬರೆದೈತೆ" ಅಂತ ತೋರಿಸುತ್ತಾರೆ. ಅದು ಅರ್ಜಿಯಲ್ಲಿ ನೀವೇ ತುಂಬಿದ್ದು. ಅಲ್ಲಿ ಯಾರೂ ರಕ್ತ ತೆಗೆದು ನೋಡಿಲ್ಲ. ಗಂಡನನ್ನು ಲ್ಯಾಬ್‌ಗೆ ಕರೆದುಕೊಂಡು ಬನ್ನಿ. ಅವನದು ಪಾಸಿಟಿವ್ ಆದರೂ ಮಗು ನೆಗೆಟಿವ್ ಆಗಿ ಹುಟ್ಟಬಹುದು. ಹೊಟ್ಟೆಯೊಳಗಿರುವಾಗ ಅದು ಗೊತ್ತಾಗುವುದು ಸಾಮಾನ್ಯವಾಗಿ ನಮ್ಮ ಊರುಗಳಲ್ಲಿ ಸಾಧ್ಯವಿಲ್ಲದ ಕಾರಣ, ಪಾಸಿಟಿವ್ ಅಂತಲೇ ಲೆಕ್ಕ ಹಿಡಿದು ನಡೆಯುತ್ತಾರೆ.

ನೆಗೆಟಿವ್ ಅಂತ ಖಚಿತವಾದ ಮೇಲೆ ಮಾಡಿಸಬೇಕಾದ ಪರೀಕ್ಷೆಯ ಹೆಸರು ಐಸಿಟಿ, ಅಂದರೆ ಇಂಡೈರೆಕ್ಟ್ ಕೂಂಬ್ಸ್ ಟೆಸ್ಟ್. ತಾಯಿಯ ಮೈಯಲ್ಲಿ ಪ್ರತಿಕಾಯ ಈಗಾಗಲೇ ಇದೆಯಾ ಅಂತ ನೋಡುವುದು ಇದರಲ್ಲೇ. ರಾಬಿನ್ ಕೂಂಬ್ಸ್ ಮತ್ತು ಜೊತೆಯವರು 1945ರಲ್ಲಿ ಪ್ರಕಟಿಸಿದ ವಿಧಾನ. ಇವತ್ತಿಗೂ ನಾವು ಮಾಡುವುದು ಮೂಲದಲ್ಲಿ ಅದನ್ನೇ. ನಿಮ್ಮ ರಕ್ತದ ತಿಳಿಯನ್ನು ಓ ಪಾಸಿಟಿವ್ ರಕ್ತಕಣಗಳ ಜೊತೆ ಸೇರಿಸಿ 37 ಡಿಗ್ರಿ ಶಾಖದಲ್ಲಿ ಇಡುತ್ತೇವೆ. ಆಮೇಲೆ ಸಲೈನ್‌ನಲ್ಲಿ ಚೆನ್ನಾಗಿ ತೊಳೆದು, ಕೂಂಬ್ಸ್ ದ್ರಾವಣದ ಹನಿ ಹಾಕಿ ತಿರುಗಿಸಿ ನೋಡುತ್ತೇವೆ. ಗಂಟು ಕಟ್ಟಿದರೆ ಪಾಸಿಟಿವ್, ಅಂದರೆ ಪ್ರತಿಕಾಯ ಇದೆ. ಇಲ್ಲಿ ನೆಗೆಟಿವ್ ಬರುವುದೇ ಒಳ್ಳೆಯದು. ರಕ್ತದ ಗುಂಪಿನ ನೆಗೆಟಿವ್ ಬೇರೆ, ಐಸಿಟಿ ನೆಗೆಟಿವ್ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ. ಮೊದಲ ಭೇಟಿಯಲ್ಲೇ ಒಂದು ಸಲ, 28ನೇ ವಾರದಲ್ಲಿ ಇಂಜೆಕ್ಷನ್ ಚುಚ್ಚುವ ಮೊದಲು ಇನ್ನೊಂದು ಸಲ ಮಾಡಿಸಿ. ಇಂಜೆಕ್ಷನ್ ಆದ ಮೇಲೆ ರಕ್ತ ಕೊಟ್ಟರೆ ಅದರಲ್ಲಿರುವ ಆಂಟಿ-ಡಿಯಿಂದಲೇ ಕೆಲವು ವಾರ ಪರೀಕ್ಷೆ ಸ್ವಲ್ಪ ಪಾಸಿಟಿವ್ ತೋರಿಸಬಹುದು. "ಇಂಥ ದಿನ ಆಂಟಿ-ಡಿ ತಗೊಂಡಿದ್ದೇನೆ" ಅಂತ ಲ್ಯಾಬ್‌ನವರಿಗೆ ಹೇಳಿಬಿಡಿ. ನೀವೂ ಗಾಬರಿಯಾಗುವುದಿಲ್ಲ, ನಾವೂ ದಾರಿ ತಪ್ಪುವುದಿಲ್ಲ.

ಈ ಪರೀಕ್ಷೆಗೆ ಬಂದಾಗ ನಾನು ಕೇಳುವ ಪ್ರಶ್ನೆ ಒಂದಿದೆ: ಮೊದಲು ಹೊಟ್ಟೆ ನಿಂತು ಹೋಗಿತ್ತಾ? ಜೊತೆಯಲ್ಲಿ ಅತ್ತೆ ಕೂತಿದ್ದರೆ ಉತ್ತರ "ಇಲ್ಲ". ಅತ್ತೆ ನೀರು ಕುಡಿಯಲು ಹೊರಗೆ ಹೋದರೆ ಉತ್ತರ ಬದಲಾಗುತ್ತದೆ. ಮದುವೆಯಾದ ಹೊಸದರಲ್ಲಿ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗಿದ್ದು, ಮೂರು ತಿಂಗಳಿಗೆ ತಾನಾಗೇ ಹೋಗಿದ್ದು, ಕದ್ದು ಮುಚ್ಚಿ ತೆಗೆಸಿದ್ದು. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಸ್ಕ್ಯಾನ್ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಿತ್ತು, ನೆನಪಿದೆ ಅಲ್ವಾ? ಅಂಥ ಕಡೆಯಿಂದ ಗರ್ಭ ತೆಗೆಸಲು ಹೋಗುವ ಹೆಂಗಸಿನ ರಕ್ತದ ಗುಂಪು ಯಾರು ನೋಡುತ್ತಾರೆ? ಆಂಟಿ-ಡಿ ಯಾರು ಕೊಡುತ್ತಾರೆ? ಅವಳು ಆಮೇಲೆ ಬಸುರಿಯಾದಾಗ "ಮೊದಲನೆಯದು" ಅಂತ ಕಾರ್ಡ್‌ನಲ್ಲಿ ಬರೆದಿರುತ್ತದೆ. ಅವಳ ಮೈಗೆ ಅದು ಮೊದಲನೆಯದಲ್ಲ.

ಹಾಗಾಗಿ ಗರ್ಭಪಾತ ಆಗಿದ್ದರೆ, ಗರ್ಭಕೋಶದ ಬದಲು ಪಕ್ಕದ ನಾಳದಲ್ಲಿ ಗರ್ಭ ಕಟ್ಟಿದ್ದರೆ, ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದರೆ ಡಾಕ್ಟರ್‌ಗೆ ಹೇಳಲೇಬೇಕು. ಮನೆಯವರ ಮುಂದೆ ಹೇಳಲು ಆಗದಿದ್ದರೆ "ಒಬ್ಬಳೇ ಮಾತಾಡಬೇಕು" ಅನ್ನಿ. ಅದು ನಿಮ್ಮ ಹಕ್ಕು. ಈಗಿನ ಬಸುರಿನಲ್ಲೂ ರಕ್ತ ಕಂಡರೆ, ಸ್ಕೂಟರ್‌ನಿಂದ ಬಿದ್ದು ಹೊಟ್ಟೆಗೆ ಪೆಟ್ಟಾದರೆ, ಅಡ್ಡ ತಿರುಗಿದ ಮಗುವನ್ನು ಡಾಕ್ಟರ್ ಹೊರಗಿನಿಂದ ತಿರುಗಿಸಿದರೆ, ಗರ್ಭದ ನೀರು ತೆಗೆದು ಪರೀಕ್ಷಿಸಿದರೆ, 28 ವಾರ ಆಗಲಿ ಅಂತ ಕಾಯಬಾರದು. 72 ಗಂಟೆಯೊಳಗೆ ಡಾಕ್ಟರ್ ನೋಡಿ ನಿರ್ಧರಿಸಬೇಕು. 12 ವಾರದೊಳಗೆ ಹೋದ ಬಸುರಿಗೆ ಇಂಜೆಕ್ಷನ್ ಬೇಕೇ ಬೇಕಾ ಅನ್ನುವುದರಲ್ಲಿ ವೈದ್ಯರಲ್ಲೇ ಬೇರೆ ಬೇರೆ ಅಭಿಪ್ರಾಯ ಇದೆ. ಕೊಡುವವರು ಕಡಿಮೆ ಡೋಸ್ ಕೊಡುತ್ತಾರೆ. ನಿಮ್ಮ ಕೆಲಸ ಹೇಳುವುದು.

ಇನ್ನು 28ನೇ ವಾರ. ಅಂದರೆ ಏಳನೇ ತಿಂಗಳು ನಡೆಯುವಾಗ. ನಮ್ಮಲ್ಲಿ ಏಳನೇ ತಿಂಗಳಲ್ಲಿ ಏನೇನಾಗುತ್ತದೆ ಹೇಳಿ? ಸೀಮಂತ, ಹಸಿರು ಬಳೆ, ಚಿಗಳಿ ತಂಬಿಟ್ಟು, ಮಡಿಲು ತುಂಬಿಸಿ ಕಾರಿನಲ್ಲಿ ಕೂರಿಸಿ ತವರಿಗೆ ಕಳಿಸುವುದು. ಇಂಜೆಕ್ಷನ್ ತಗೊಳ್ಳಬೇಕಾದ ವಾರವೂ ಅದೇ. ಗಂಡನ ಊರಿನ ಡಾಕ್ಟರ್ "ಮುಂದಿನ ತಿಂಗಳು ಕೊಡೋಣ" ಅಂದಿರುತ್ತಾರೆ. ತವರಿನ ಡಾಕ್ಟರ್ "ಅಲ್ಲೇ ಕೊಟ್ಟಿರಬೇಕು" ಅಂದುಕೊಳ್ಳುತ್ತಾರೆ. ಎರಡು ಕಡೆಯವರೂ ಒಳ್ಳೆಯವರೇ, ನಡುವೆ ಇಂಜೆಕ್ಷನ್ ಮಾತ್ರ ಬಿಟ್ಟುಹೋಗುತ್ತದೆ. ನನ್ನ ಹತ್ತಿರ ಐಸಿಟಿ ಪಾಸಿಟಿವ್ ಬಂದ ಒಬ್ಬಾಕೆಯ ಕಥೆಯೂ ಹೀಗೇ. ಮೊದಲ ಹೆರಿಗೆ ತವರಿನ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ, ಮಗು ಗುಂಡುಗುಂಡಾಗಿತ್ತು, ಮೂರನೇ ದಿನ ಮನೆಗೆ ಬಂದರು. ಇಂಜೆಕ್ಷನ್ ಬಗ್ಗೆ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಎರಡನೇ ಸಲ ನನ್ನ ಕೈಯಲ್ಲಿದ್ದ ಟ್ಯೂಬ್‌ನಲ್ಲಿ ಗಂಟು.

ಆದ್ದರಿಂದ ಸೀಮಂತದ ದಿನ ಗೊತ್ತು ಮಾಡುವಾಗಲೇ ಇಂಜೆಕ್ಷನ್ ದಿನವನ್ನೂ ಗೊತ್ತು ಮಾಡಿ. ನನ್ನ ಕೇಳಿದರೆ ಇಂಜೆಕ್ಷನ್ ತಗೊಂಡೇ ತವರಿಗೆ ಹೊರಡುವುದು ಒಳ್ಳೆಯದು. ಅದಕ್ಕೂ ಮೊದಲೇ ಹೊರಡುವುದಾದರೆ ಐಸಿಟಿ ರಿಪೋರ್ಟ್, ಸ್ಕ್ಯಾನ್, ಗಂಡನ ರಕ್ತದ ರಿಪೋರ್ಟ್ ಎಲ್ಲ ತಾಯಿ ಕಾರ್ಡ್ ಜೊತೆಯೇ ಒಂದು ಕವರ್‌ನಲ್ಲಿ ಹಾಕಿ. ಸೀರೆ ಬ್ಯಾಗಿನಲ್ಲಿ ಬೇಡ, ಕೈಚೀಲದಲ್ಲಿ. ಫೋಟೋ ತೆಗೆದು ನಿಮ್ಮ, ಗಂಡನ, ಅಣ್ಣನದೋ ತಮ್ಮನದೋ ಫೋನಿನಲ್ಲಿ ಇಡಿ. ತಾಯಿ ಕಾರ್ಡ್‌ನ ಮೊದಲ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪಗೆ "ನೆಗೆಟಿವ್" ಅಂತ ಬರೆಸಿ. ಇಂಜೆಕ್ಷನ್ ಕೊಟ್ಟ ತಾರೀಖು, ಡೋಸ್ ಅದರ ಕೆಳಗೆ. ಬಾಟಲಿಯ ಲೇಬಲ್ ಕಿತ್ತು ಅಂಟಿಸಿದರೆ ಇನ್ನೂ ಚೆನ್ನ. ತವರಿಗೆ ಹೋದ ಮೇಲೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಮೊದಲು ಹೇಳಬೇಕಾದ ಮಾತೂ ಇದೇ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ, ಅವತ್ತೇ ಕವರ್ ಸಮೇತ ಹೋಗಿ.

ಇಂಜೆಕ್ಷನ್ ಹೆಸರು ಆಂಟಿ-ಡಿ ಇಮ್ಯುನೋಗ್ಲಾಬ್ಯುಲಿನ್. 28ನೇ ವಾರಕ್ಕೆ ಸಾಮಾನ್ಯವಾಗಿ 300 ಮೈಕ್ರೋಗ್ರಾಂ. ತಾಯಿಯ ರಕ್ತಕ್ಕೆ ನುಸುಳಿದ ಮಗುವಿನ ರಕ್ತಕಣಗಳನ್ನು ತಾಯಿಯ ಮೈ ಗಮನಿಸುವ ಮೊದಲೇ ಇದು ಹಿಡಿದು ತೆಗೆಸಿಬಿಡುತ್ತದೆ. ಒಂದು ಡೋಸ್ ಸುಮಾರು 30 ಮಿಲಿಲೀಟರ್ ಮಗುವಿನ ರಕ್ತಕ್ಕೆ ಸಾಕು. 1968ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಸಿಕ್ಕಿತು. ಅದಿಲ್ಲದ ಕಾಲದಲ್ಲಿ ಇಂಥ ಜೋಡಿಗಳಲ್ಲಿ ನೂರಕ್ಕೆ ಸುಮಾರು 16 ತಾಯಂದಿರಿಗೆ ಪ್ರತಿಕಾಯ ಹುಟ್ಟುತ್ತಿತ್ತು. ಹೆರಿಗೆಯ ನಂತರದ ಇಂಜೆಕ್ಷನ್ ಬಂದ ಮೇಲೆ ಅದು ನೂರಕ್ಕೆ ಒಂದೆರಡಕ್ಕೆ ಇಳಿಯಿತು. 28ನೇ ವಾರದ್ದೂ ಸೇರಿದರೆ ಸಾವಿರಕ್ಕೆ ಒಂದೆರಡು. ಏಳನೇ ತಿಂಗಳಿನದನ್ನು ಬಿಡಬೇಡಿ ಅಂತ ಇಷ್ಟು ಗೋಗರೆಯುವುದು ಅದಕ್ಕೇ.

ಇದನ್ನು ಬಹುಕಾಲ ಮನುಷ್ಯರ ರಕ್ತದಾನದಿಂದಲೇ ತಯಾರಿಸುತ್ತಿದ್ದರು, ಈಗಲೂ ತಯಾರಿಸುತ್ತಾರೆ. ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳಿಂದ ಮಾಡುವ ಬಗೆಯೂ ಬಂದಿದೆ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅನ್ನುವವರು ಇದಕ್ಕಾಗಿ 1100ಕ್ಕೂ ಹೆಚ್ಚು ಸಲ ಪ್ಲಾಸ್ಮಾ, ಅಂದರೆ ರಕ್ತದ ತಿಳಿಭಾಗ ಕೊಟ್ಟರು. 2018ರಲ್ಲಿ, 81ನೇ ವಯಸ್ಸಿನಲ್ಲಿ ಕೊನೆಯ ಸಲ ಕೊಟ್ಟು, 2025ರಲ್ಲಿ ತೀರಿಕೊಂಡರು. ರಕ್ತ ಕೊಟ್ಟರೆ ಸುಸ್ತಾಗುತ್ತೆ ಅನ್ನುವ ಗಂಡಂದಿರಿಗೆ ನಾನು ಇವರ ಕಥೆ ಹೇಳುತ್ತೇನೆ.

ಬೆಲೆ ಕಡಿಮೆಯಲ್ಲ, ಒಂದು ಡೋಸ್‌ಗೇ ಸಾವಿರಗಳ ಲೆಕ್ಕ. ಮಂಡ್ಯದ ಮಿಮ್ಸ್, ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ದೊಡ್ಡ ಸರ್ಕಾರಿ ಕಡೆ ಹೆರಿಗೆ ಮಾಡಿಸುವುದಾದರೆ ಸ್ಟಾಕ್ ಇದೆಯಾ, ಹೊರಗಿನಿಂದ ತರಬೇಕಾ ಅಂತ ಮೊದಲೇ ಕೇಳಿ. ಹೊರಗೆ ಕೊಳ್ಳುವುದಾದರೆ ಒಂದು ಎಚ್ಚರ: ಇದು 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಮೈಸೂರಿನಲ್ಲಿ ಕೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ತರುವಾಗ ಕಿಟಕಿ ಪಕ್ಕ ಬಿಸಿಲಿಗೆ ಇಟ್ಟುಕೊಂಡು ಬಂದರೆ ದುಡ್ಡು ದಂಡ. ಅಂಗಡಿಯವರಿಂದ ಐಸ್ ಪ್ಯಾಕ್ ಹಾಕಿಸಿಕೊಳ್ಳಿ, ಬಾಟಲಿ ಐಸ್‌ಗೆ ನೇರವಾಗಿ ತಾಗದಂತೆ ಕಾಗದ ಸುತ್ತಿಸಿ. ಮನೆಯ ಫ್ರಿಜ್‌ನಲ್ಲಿ ಇಡುವುದಾದರೆ ಕೆಳಗಿನ ಭಾಗದಲ್ಲಿ. ಫ್ರೀಜರ್‌ನಲ್ಲಿ ಗಟ್ಟಿಯಾದರೆ ಅದು ಕೆಲಸಕ್ಕೆ ಬಾರದು. ಚುಚ್ಚಿದ ಜಾಗ ನೋಯಬಹುದು, ಸ್ವಲ್ಪ ಜ್ವರ ಬರಬಹುದು. ಹಿಂದೆ ಯಾವುದಾದರೂ ಇಂಜೆಕ್ಷನ್‌ಗೆ ಅಲರ್ಜಿ ಆಗಿದ್ದರೆ ಹೇಳಿ, ತಗೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ.

ಹೆರಿಗೆ ದಿನ ಬಾಣಂತಿಗೆ ಇದೆಲ್ಲ ನೆನಪಿಡುವ ಸ್ಥಿತಿ ಇರುವುದಿಲ್ಲ. ಜೊತೆಯಲ್ಲಿರುವವರು ಒಬ್ಬರು ಹೊಣೆ ಹೊರಬೇಕು. ಹೆರಿಗೆ ಕೋಣೆಗೆ ಹೋಗುವಾಗಲೇ ನರ್ಸ್‌ಗೆ ಹೇಳಿ: ತಾಯಿ ನೆಗೆಟಿವ್, ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಿ. ಅದರಲ್ಲಿ ಮಗುವಿನ ಗುಂಪು, ಡೈರೆಕ್ಟ್ ಕೂಂಬ್ಸ್ ಟೆಸ್ಟ್ (ತಾಯಿಯ ಪ್ರತಿಕಾಯ ಮಗುವಿನ ರಕ್ತಕಣಕ್ಕೆ ಅಂಟಿದೆಯಾ ಅಂತ ನೋಡುವುದು), ಹಿಮೋಗ್ಲೋಬಿನ್, ಕಾಮಾಲೆಯ ಹಳದಿ ಅಂಶವಾದ ಬಿಲಿರುಬಿನ್ ನೋಡುತ್ತಾರೆ. ಮಗು ಪಾಸಿಟಿವ್ ಅಂತ ಬಂದರೆ, ಅದು ಹುಟ್ಟಿದ 72 ಗಂಟೆಯೊಳಗೆ ತಾಯಿಗೆ ಮತ್ತೆ ಆಂಟಿ-ಡಿ. ಏಳನೇ ತಿಂಗಳಲ್ಲಿ ತಗೊಂಡಿದ್ದರೂ ಬೇಕು. ಮಗು ನೆಗೆಟಿವ್ ಆದರೆ ಬೇಡ. ಶನಿವಾರ ರಾತ್ರಿ ಹುಟ್ಟಿದರೆ, ದಸರಾ ರಜೆ ನಡುವೆ ಹುಟ್ಟಿದರೆ ರಿಪೋರ್ಟ್ ತಡವಾಗುವುದುಂಟು. ಹುಟ್ಟಿದ ಗಂಟೆ ಬರೆದಿಟ್ಟುಕೊಂಡು ಬೆನ್ನು ಹತ್ತಿ. ಹೊತ್ತು ಮೀರಿದರೂ ಸುಮ್ನೆ ಬಿಡಬೇಡಿ. 10 ದಿನದವರೆಗೂ, ಕೆಲವರು ಇನ್ನೂ ಆಮೇಲೂ ಕೊಡುತ್ತಾರೆ, ಅಷ್ಟಿಷ್ಟು ರಕ್ಷಣೆ ಸಿಗುತ್ತದೆ.

ಐಸಿಟಿ ಆಗಲೇ ಪಾಸಿಟಿವ್ ಬಂದಿದೆ, ಅದು ಇಂಜೆಕ್ಷನ್‌ನಿಂದ ಬಂದದ್ದೂ ಅಲ್ಲ ಅಂದರೆ ಆಂಟಿ-ಡಿ ಉಪಯೋಗವಿಲ್ಲ. ಆದರೆ ದಾರಿ ಮುಚ್ಚಿಲ್ಲ. ಪ್ರತಿಕಾಯ ಎಷ್ಟಿದೆ ಅಂತ ಟೈಟರ್ ನೋಡುತ್ತಾರೆ. ನಿಮ್ಮ ರಕ್ತದ ತಿಳಿಯನ್ನು 2 ಪಟ್ಟು, 4 ಪಟ್ಟು, 8 ಪಟ್ಟು ಹೀಗೆ ತೆಳು ಮಾಡುತ್ತಾ ಎಲ್ಲಿವರೆಗೆ ಗಂಟು ಕಟ್ಟುತ್ತದೆ ಅಂತ ನೋಡುವುದು. 16 ಅಥವಾ 32 ಪಟ್ಟಿನ ಮಟ್ಟ ಮುಟ್ಟಿದರೆ ಡಾಪ್ಲರ್ ಸ್ಕ್ಯಾನ್‌ನಲ್ಲಿ ಮಗುವಿನ ಮೆದುಳಿನ ರಕ್ತನಾಳದ ವೇಗ ನೋಡುತ್ತಾರೆ. ರಕ್ತ ಕಡಿಮೆಯಾದ ಮಗುವಿನಲ್ಲಿ ಅದು ಜೋರಾಗಿ ಹರಿಯುತ್ತದೆ. ತೀರಾ ಬೇಕಾದರೆ ಹೊಟ್ಟೆಯೊಳಗಿರುವ ಮಗುವಿಗೇ ರಕ್ತ ಕೊಡುತ್ತಾರೆ. 1963ರಲ್ಲಿ ನ್ಯೂಜಿಲೆಂಡ್‌ನಲ್ಲಿ ಲೈಲಿ ಅನ್ನುವ ಡಾಕ್ಟರ್ ಶುರು ಮಾಡಿದ ಕೆಲಸ ಅದು. ಇಂಥವರು ಊರಿನ ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ಉಳಿಯಬಾರದು. ಹೊಟ್ಟೆಯಲ್ಲಿರುವ ಮಗುವಿಗೇ ಚಿಕಿತ್ಸೆ ಕೊಡುವ ಫೀಟಲ್ ಮೆಡಿಸಿನ್ ತಜ್ಞರಿರುವ, ಹಸುಗೂಸುಗಳ ಐಸಿಯು ಇರುವ ಕಡೆ ಬೇಗ ಹೋಗಬೇಕು.

ಕಾಮಾಲೆಯ ವಿಷಯ ಎಲ್ಲರಿಗೂ. ತಾಯಿ ಓ ಗುಂಪಾಗಿದ್ದು ಮಗು ಎ ಅಥವಾ ಬಿ ಆಗಿದ್ದರೂ ಹೊಂದಿಕೆಯಾಗದೆ ರಕ್ತಕಣ ಒಡೆಯಬಹುದು. ಇದು ಚೊಚ್ಚಲಲ್ಲೂ ಆಗಬಹುದು, ಇದಕ್ಕೆ ತಡೆ ಇಂಜೆಕ್ಷನ್ ಇಲ್ಲ. ಒಳ್ಳೆಯ ಸುದ್ದಿ ಅಂದರೆ ಸಾಮಾನ್ಯವಾಗಿ ಸೌಮ್ಯ, ನೀಲಿ ಬೆಳಕಿನ ಕೆಳಗೆ ಮಲಗಿಸಿದರೆ ಇಳಿಯುತ್ತದೆ. ಆದರೆ ನೋಡುವವರು ಬೇಕಲ್ಲ? ನಮ್ಮ ಬಾಣಂತಿ ಕೋಣೆ ಹೇಗಿರುತ್ತದೆ: ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕಿ, ಒಂದು ಮಂಕು ಬಲ್ಬ್. ಮೇಲೆ ಮಗುವಿನ ಮೈಗೆ ಅರಿಶಿನ. ಹಳದಿ ಎಲ್ಲಿಂದ ಕಾಣಬೇಕು! ಮೊದಲ ಎರಡು ವಾರ ಅರಿಶಿನ ಬೇಡ ಅಂತ ಅಜ್ಜಿಗೆ ಕೈಮುಗಿದು ಹೇಳಿ. ದಿನಕ್ಕೆರಡು ಸಲ ಹಗಲು ಬೆಳಕಿಗೆ ತಂದು ಹಣೆ, ಎದೆ, ಕಾಲನ್ನು ಬೆರಳಿನಿಂದ ಒತ್ತಿ ಬಿಟ್ಟು ನೋಡಿ. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ ಅದು ಎಲ್ಲ ಮಕ್ಕಳಿಗೂ ಬರುವ ಕಾಮಾಲೆ ಅಲ್ಲ, ಆಗಲೇ ಡಾಕ್ಟರ್. ಅಂಗೈ ಅಂಗಾಲಿನವರೆಗೆ ಇಳಿದರೆ, ಮಗು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಎಳೆಬಿಸಿಲು, ಸೊಪ್ಪಿನ ರಸ, ಕೈಗೆ ಬರೆ ಇವು ಯಾವುದೂ ಇದಕ್ಕೆ ಔಷಧಿಯಲ್ಲ. ಬರೆ ಹಾಕಿಸಿ ತಂದ ಕೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಾಗ ನನ್ನ ಕೈಯೇ ನಡುಗುತ್ತದೆ.

ತಾಯಿಯ ಪ್ರತಿಕಾಯ ಮಗುವಿನ ಮೈಯಲ್ಲಿ ಕೆಲವು ವಾರ ಉಳಿಯುತ್ತದೆ. ಆದ್ದರಿಂದ ಡೈರೆಕ್ಟ್ ಕೂಂಬ್ಸ್ ಪಾಸಿಟಿವ್ ಬಂದು ಚಿಕಿತ್ಸೆಯಾದ ಮಗುವಿಗೆ ಕಾಮಾಲೆ ಇಳಿದ ಮೇಲೂ ರಕ್ತ ಕಡಿಮೆಯಾಗಬಹುದು. ಡಾಕ್ಟರ್ ಹೇಳಿದ ದಿನ ಹಿಮೋಗ್ಲೋಬಿನ್ ಮಾಡಿಸಿ.

ಕೊನೆಗೆ ತಾಯಿಗೇ ಬೇಕಾಗುವ ರಕ್ತ. ಹೆರಿಗೆಯಲ್ಲಿ ರಕ್ತಸ್ರಾವ ಜಾಸ್ತಿಯಾದರೆ ನೆಗೆಟಿವ್ ತಾಯಿಗೆ ನೆಗೆಟಿವ್ ರಕ್ತವೇ ಬೇಕು. ಬಿ ನೆಗೆಟಿವ್‌ನವರಿಗೆ ಓ ನೆಗೆಟಿವ್ ಆದರೂ ನಡೆಯುತ್ತದೆ, ಓ ನೆಗೆಟಿವ್‌ನವರಿಗೆ ಓ ನೆಗೆಟಿವ್ ಒಂದೇ. ರಕ್ತನಿಧಿಯಲ್ಲಿ ಅದು ಯಾವಾಗಲೂ ಇರುತ್ತದೆ ಅಂತ ನಂಬಿ ಕೂರಬೇಡಿ. ಎಂಟನೇ ತಿಂಗಳಲ್ಲೇ ಅಣ್ಣತಮ್ಮಂದಿರು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ರಕ್ತ ನೋಡಿಸಿ. ನಿಮ್ಮ ಗುಂಪು ಮೊದಲು ಸಿಗುವುದು ನಿಮ್ಮ ತವರಿನ ಕಡೆಯಲ್ಲೇ. ಗಂಡಸರು ಒಮ್ಮೆ ರಕ್ತ ಕೊಟ್ಟ ಮೇಲೆ 3 ತಿಂಗಳು, ಹೆಂಗಸರು 4 ತಿಂಗಳು ಮತ್ತೆ ಕೊಡುವಂತಿಲ್ಲ. ಹಾಗಾಗಿ ಒಪ್ಪಿಕೊಂಡವರು ಯಾವುದೋ ಶಿಬಿರದಲ್ಲಿ ಈಗಲೇ ಕೊಟ್ಟು ಬರದಂತೆ ಹೇಳಿಟ್ಟು, ಅವರ ಫೋನ್ ನಂಬರ್‌ಗಳನ್ನು ಅದೇ ಕವರಿನ ಮೇಲೆ ಬರೆದಿಡಿ.